ಟೆಸ್ಟ್ ಲ್ಯಾಬ್‌ಗೆ ನಾನು ಹೊತ್ತೊಯ್ಯುವ ಫೆರೈಟ್ ಡಬ್ಬಿ

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರಲ್ಲಿ ಹದಿನೆಂಟು ಕ್ಲಿಪ್ ಫೆರೈಟ್, ಒಂದು ಕಟ್ಟು ಕೇಬಲ್ ಟೈ, ಬಿಳಿ ಟೇಪು, ಒಂದು ಮಾರ್ಕರ್ ಪೆನ್. ಎಮಿಷನ್ ಟೆಸ್ಟ್‌ಗೆ, ಅಂದರೆ ಉಪಕರಣ ಎಷ್ಟು ರೇಡಿಯೊ ಗದ್ದಲ ಹೊರಗೆ ಸೂಸುತ್ತದೆ ಅಂತ ಅಳೆಯುವ ಪರೀಕ್ಷೆಗೆ, ಹೊರಟಾಗ ಮೊದಲು ನೋಡುವುದು ಈ ಡಬ್ಬಿ ಬ್ಯಾಗಿನಲ್ಲಿದೆಯಾ ಅಂತ. ಬೇರೆ ಯಾವುದನ್ನಾದರೂ ಲ್ಯಾಬ್‌ನಲ್ಲಿ ಕೇಳಿ ಪಡೆಯಬಹುದು. ಆದರೆ ನಾನೇ ಅಳೆದು, ನಾನೇ ಗುರುತು ಹಾಕಿದ ಫೆರೈಟ್ ಅಲ್ಲಿ ಸಿಗುವುದಿಲ್ಲ.

ಕ್ಲಿಪ್ ಫೆರೈಟ್ ಅಂದರೆ ನೀವೆಲ್ಲ ನೋಡಿರುವ ವಸ್ತುವೇ. ಮಾನಿಟರ್ ಕೇಬಲ್‌ನ ತುದಿಯಲ್ಲಿ, ಲ್ಯಾಪ್‌ಟಾಪ್ ಅಡಾಪ್ಟರ್ ವೈರಿನಲ್ಲಿ ಒಂದು ಕಪ್ಪು ಉಬ್ಬು ಇರುತ್ತದೆ, ಅಲ್ವಾ? ಅದರೊಳಗೆ ಇರುವುದೇ ಫೆರೈಟ್ ಕೋರ್, ಕೇಬಲ್‌ನಲ್ಲಿ ಹರಿಯುವ ಗದ್ದಲವನ್ನು ತಡೆಯುವ ತುಂಡು. ಕ್ಲಿಪ್ ಮಾದರಿಯಲ್ಲಿ ಕೋರ್ ಎರಡು ಹೋಳಾಗಿರುತ್ತದೆ. ಪ್ಲಾಸ್ಟಿಕ್ ಕವಚ ತೆರೆದು, ಕೇಬಲ್ ಇಟ್ಟು, ಟಕ್ ಅಂತ ಮುಚ್ಚಿದರೆ ಮುಗಿಯಿತು. ಕನೆಕ್ಟರ್ ಬಿಚ್ಚಬೇಕಿಲ್ಲ, ಬೆಸುಗೆ ಬೇಕಿಲ್ಲ.

ಈ ವಸ್ತುವಿನ ಬಗ್ಗೆ ಎರಡು ಥರದ ಮಾತು ಕೇಳಿದ್ದೇನೆ. ಫೇಲ್ ಆದರೆ ಎಲ್ಲ ಕೇಬಲ್‌ಗೂ ಒಂದೊಂದು ಹಾಕಿ ಅನ್ನುವವರು ಒಂದು ಕಡೆ. ಫೆರೈಟ್ ಹಾಕಿದರೆ ಡಿಸೈನ್ ಸೋತ ಹಾಗೆ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಫೆರೈಟ್ ನನಗೆ ಮೊದಲು ಹುಡುಕುವ ಸಾಧನ, ಆಮೇಲೆ ಬೇಕಾದರೆ ಪರಿಹಾರ. ಇತ್ತೀಚಿನ ಒಂದು ಟೆಸ್ಟ್ ಪೂರ್ತಿ ಈ ಡಬ್ಬಿಯನ್ನೇ ನಂಬಿ ನಡೆಯಿತು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಟೆಸ್ಟ್‌ಗೆ ಹೋಗಿದ್ದು ಅಂಗೈಗಿಂತ ಸ್ವಲ್ಪ ದೊಡ್ಡ ಒಂದು ಡೇಟಾ ಲಾಗರ್, ಅಂದರೆ ಸೆನ್ಸರ್‌ನ ಅಳತೆಗಳನ್ನು ದಾಖಲಿಸುವ ಪೆಟ್ಟಿಗೆ. ಮೂರು ಕೇಬಲ್: ಡಿಸಿ ಪವರ್, ಈಥರ್ನೆಟ್, ಸೆನ್ಸರ್. ಒಳಗೆ ಈಥರ್ನೆಟ್ ಚಿಪ್‌ಗೆ 25 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್‌ಗೆ ತಾಳ ಕೊಡುವ ಗಡಿಯಾರ), ಒಂದು ವೋಲ್ಟೇಜನ್ನು ಇನ್ನೊಂದಕ್ಕೆ ಬದಲಿಸುವ ಡಿಸಿ-ಡಿಸಿ ಕನ್ವರ್ಟರ್. ಟೆಸ್ಟ್ ಸಿಸ್ಪರ್ 32 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಕ್ಲಾಸ್ ಬಿ, ಅಂದರೆ ಮನೆಗಳಲ್ಲಿ ಬಳಸುವ ಉಪಕರಣಗಳ ಮಟ್ಟ. 3 ಮೀಟರ್ ದೂರದಲ್ಲಿ 30ರಿಂದ 230 ಮೆಗಾಹರ್ಟ್ಸ್‌ವರೆಗೆ ಲಿಮಿಟ್ 40 ಡಿಬಿ (ಡೆಸಿಬೆಲ್) ಮೈಕ್ರೊವೋಲ್ಟ್ ಪ್ರತಿ ಮೀಟರ್‌ಗೆ, ಅಲ್ಲಿಂದ 1 ಗಿಗಾಹರ್ಟ್ಸ್‌ವರೆಗೆ 47. ಮೊದಲ ಸ್ಕ್ಯಾನ್ ಪರದೆ ಮೇಲೆ ಮೂಡಿದಾಗ ಎರಡು ಕಡೆ ಗೆರೆ ದಾಟಿತ್ತು. 35ರಿಂದ 50 ಮೆಗಾಹರ್ಟ್ಸ್ ನಡುವೆ ಅಗಲವಾದ ಒಂದು ದಿಬ್ಬ, ಲಿಮಿಟ್‌ಗಿಂತ 3 ಡಿಬಿ ಮೇಲೆ. 125 ಮೆಗಾಹರ್ಟ್ಸ್‌ನಲ್ಲಿ ಸೂಜಿಯಂಥ ಪೀಕ್, 6 ಡಿಬಿ ಮೇಲೆ. 175ರಲ್ಲಿ ಇನ್ನೊಂದು ಸೂಜಿ. ಅದು ಲಿಮಿಟ್ ಒಳಗಿತ್ತು, ಆದರೆ ಅಂಚಿನಲ್ಲಿತ್ತು.

125 ಮತ್ತು 175 ಎರಡೂ 25ರ ಮಗ್ಗಿಯಲ್ಲಿ ಬರುತ್ತವೆ. ಹಾಗಾಗಿ ಮೂಲ ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಕಷ್ಟ ಇರುವುದು ಹೊರಗೆ ಬರುತ್ತಿರುವ ದಾರಿ ಹುಡುಕುವುದರಲ್ಲಿ. ಈ ಫ್ರೀಕ್ವೆನ್ಸಿಗಳಲ್ಲಿ ಅಂಗೈಯಷ್ಟು ಪೆಟ್ಟಿಗೆ ತಾನೇ ಆಂಟೆನಾ ಆಗುವುದು ಕಡಿಮೆ. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಒಂದೂವರೆ ಮೀಟರ್ ಕೇಬಲ್ ನೇತಾಡುತ್ತಿದ್ದರೆ ಅದಕ್ಕಿಂತ ಒಳ್ಳೆ ಆಂಟೆನಾ ಬೇಕಾ? ಇದಕ್ಕೆ ಕರೆಂಟ್ ಕೂಡ ಬಹಳ ಬೇಕಿಲ್ಲ. ಒಂದು ಮೀಟರ್ ಕೇಬಲ್‌ನಲ್ಲಿ 50 ಮೆಗಾಹರ್ಟ್ಸ್‌ನ ಬರೀ 5 ಮೈಕ್ರೊಆಂಪ್ ಕಾಮನ್ ಮೋಡ್ ಕರೆಂಟ್ (ಎಲ್ಲ ವೈರಿನಲ್ಲೂ ಒಂದೇ ದಿಕ್ಕಿಗೆ ಹೋಗುವ ಕರೆಂಟ್) ಹರಿದರೆ ಸಾಕು, 3 ಮೀಟರ್ ದೂರದಲ್ಲಿ 40 ಡಿಬಿ ಗೆರೆ ಮುಟ್ಟಿಬಿಡುತ್ತದೆ. ಹೊಸಬರಿಗೆ ನಾನು ಈ ಲೆಕ್ಕವನ್ನು ಕೈಯಾರೆ ಮಾಡಿಸುತ್ತೇನೆ. ಮಾಡಿದ ಮೇಲೆ ಯಾರೂ ಕೇಬಲನ್ನು ಬರೀ ವೈರ್ ಅಂತ ನೋಡುವುದಿಲ್ಲ.

ಫೆರೈಟ್ ತಡೆಯುವುದು ಈ ಕಾಮನ್ ಮೋಡ್ ಕರೆಂಟನ್ನೇ. ಕೇಬಲ್ ಒಳಗೆ ಹೋಗುವ ಕರೆಂಟೂ ವಾಪಸ್ ಬರುವ ಕರೆಂಟೂ ಸಮ ಇದ್ದಾಗ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಕಳೆದುಬಿಡುತ್ತದೆ. ಕೋರ್‌ಗೆ ಅದು ಗೊತ್ತೇ ಆಗುವುದಿಲ್ಲ. ಎಲ್ಲ ವೈರಿನಲ್ಲೂ ಒಂದೇ ದಿಕ್ಕಿಗೆ ಹರಿಯುವ ಕಳ್ಳ ಕರೆಂಟ್ ಮಾತ್ರ ಕೋರ್ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಯುಎಸ್‌ಬಿಗೋ ಈಥರ್ನೆಟ್‌ಗೋ ಫೆರೈಟ್ ಹಾಕಿದರೆ ಡೇಟಾ ಕೆಡುತ್ತದೆ ಅನ್ನುವ ಭಯ ಬೇಡ. ಪವರ್ ಕೇಬಲ್‌ನಲ್ಲಿ ಮಾತ್ರ ಒಂದು ಎಚ್ಚರ. ಪ್ಲಸ್ ಮೈನಸ್ ಎರಡೂ ವೈರ್ ಒಟ್ಟಿಗೆ ಒಂದೇ ರಂಧ್ರದಲ್ಲಿ ಹೋಗಬೇಕು. ಪ್ಲಸ್ ಒಂದನ್ನೇ ತೂರಿಸಿದರೆ ಡಿಸಿ ಕರೆಂಟ್ ಕೋರನ್ನು ಸ್ಯಾಚುರೇಟ್ ಮಾಡುತ್ತದೆ, ಆಮೇಲೆ ಅದು ಬರೀ ಭಾರದ ವಸ್ತು.

ಚೇಂಬರ್‌ನಲ್ಲಿ, ಅಂದರೆ ಹೊರಗಿನ ರೇಡಿಯೊ ಅಲೆ ಒಳಬಾರದಂತೆ ಕಟ್ಟಿದ ಟೆಸ್ಟ್ ಕೋಣೆಯಲ್ಲಿ, ನಮ್ಮ ಜೂನಿಯರ್ ಹುಡುಗ ಉತ್ಸಾಹದಲ್ಲಿ ಮೊದಲು ಈಥರ್ನೆಟ್ ಕೇಬಲ್‌ಗೆ ಒಂದು ಕ್ಲಿಪ್ ಹಾಕಿದ. ಮೂಲ ಈಥರ್ನೆಟ್ ಚಿಪ್ ಆದ್ದರಿಂದ ದಾರಿಯೂ ಅದೇ ಇರಬೇಕು ಅನ್ನುವುದು ಅವನ ಲೆಕ್ಕ. ಮತ್ತೆ ಸ್ಕ್ಯಾನ್ ಮಾಡಿದೆವು. 125ರ ಪೀಕ್ ಇಳಿದಿದ್ದು 1 ಡಿಬಿ.

"ಮೇಡಂ, ಇದರಿಂದ ಏನೂ ಆಗ್ಲಿಲ್ಲ. ತೆಗೆದು ಸೆನ್ಸರ್ ಕೇಬಲ್‌ಗೆ ಹಾಕ್ಲಾ?"

"ತೆಗೀಬೇಡಪ್ಪ. ಅದು ಅಲ್ಲೇ ಇರ್ಲಿ. ಇನ್ನೊಂದು ತಗೊಂಡು ಸೆನ್ಸರ್‌ಗೆ ಹಾಕು."

ಫೆರೈಟ್ ಬಳಸುವವರಲ್ಲಿ ಹೆಚ್ಚಿನವರು ಎಡವುವ ಜಾಗ ಇದೇ. ಒಂದು ಹಾಕುತ್ತಾರೆ, ಬದಲಾವಣೆ ಕಾಣುವುದಿಲ್ಲ, ತೆಗೆಯುತ್ತಾರೆ. ಇನ್ನೊಂದು ಕೇಬಲ್‌ಗೆ ಹಾಕುತ್ತಾರೆ, ಅಲ್ಲೂ ಕಾಣುವುದಿಲ್ಲ, ತೆಗೆಯುತ್ತಾರೆ. ಕೊನೆಗೆ ಫೆರೈಟ್ ಕೆಲಸ ಮಾಡುವುದಿಲ್ಲ ಅಂತ ತೀರ್ಮಾನಿಸುತ್ತಾರೆ. ಸೋರುವ ಮಾಡಿನಲ್ಲಿ ಮೂರು ಕಡೆ ಬಿರುಕಿದ್ದರೆ ಒಂದನ್ನು ಮುಚ್ಚಿದ ಮೇಲೂ ನೆಲ ಒದ್ದೆಯಾಗಿಯೇ ಇರುತ್ತದೆ. ಹಾಗಂತ ಮುಚ್ಚಿದ್ದನ್ನು ಮತ್ತೆ ಬಿಚ್ಚುತ್ತೇವಾ? ಎರಡು ಕೇಬಲ್ ಸಮ ಸಮ ಸೂಸುತ್ತಿದ್ದರೆ ಒಂದನ್ನು ಪೂರ್ತಿ ನಿಲ್ಲಿಸಿದರೂ ಪರದೆ ಮೇಲೆ ಕಾಣುವುದು 3ರಿಂದ 6 ಡಿಬಿ ಇಳಿತ ಅಷ್ಟೇ. ಹಾಗಾಗಿ ನನ್ನ ಕ್ರಮ ಉಲ್ಟಾ. ಮೊದಲು ಎಲ್ಲ ಕೇಬಲ್‌ಗೂ ಹಾಕು. ಪಾಸ್ ಆಗುವ ಮಟ್ಟಕ್ಕೆ ಇಳಿಸು. ಆಮೇಲೆ ಒಂದೊಂದಾಗಿ ತೆಗೆಯುತ್ತಾ ಬಾ. ಯಾವುದನ್ನು ತೆಗೆದಾಗ ಪೀಕ್ ಏಳುತ್ತದೋ ಆ ಕೇಬಲ್ ಮಾತಾಡುತ್ತಿದೆ.

ಸೆನ್ಸರ್ ಕೇಬಲ್‌ಗೆ ಹಾಕಿದಾಗ 125ರ ಪೀಕ್ 7 ಡಿಬಿ ಇಳಿಯಿತು. ಆಮೇಲೆ ಈಥರ್ನೆಟ್‌ನದ್ದನ್ನು ತೆಗೆದು ನೋಡಿದರೂ ಹೆಚ್ಚು ಏಳಲಿಲ್ಲ. ಅಂದರೆ ಈಥರ್ನೆಟ್ ಚಿಪ್‌ನ ಗಡಿಯಾರ ಸೆನ್ಸರ್ ಕೇಬಲ್ ಮೂಲಕ ಹೊರಗೆ ಹೋಗುತ್ತಿತ್ತು. ಸರ್ಕ್ಯೂಟ್ ಚಿತ್ರ ನೋಡಿ ಇದನ್ನು ಯಾರೂ ಹೇಳಲಾರರು. ಹತ್ತು ನಿಮಿಷದಲ್ಲಿ ಎರಡು ಫೆರೈಟ್ ಹೇಳಿದವು. ಈ ಒಂದು ಕೆಲಸಕ್ಕೆ ನಾನು ಕ್ಲಿಪ್ ಫೆರೈಟ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಕೇಬಲನ್ನು ಪೂರ್ತಿ ಕಿತ್ತುಬಿಟ್ಟು ನೋಡುವುದು ಇನ್ನೂ ಸುಲಭ ಅಲ್ವಾ ಅಂತ ಕೇಳಬಹುದು. ಹೌದು, ಕೀಳಲು ಸಾಧ್ಯ ಇದ್ದರೆ ಮೊದಲು ಅದನ್ನೇ ಮಾಡಿ. ಆದರೆ ಪವರ್ ಕೇಬಲ್ ಕಿತ್ತರೆ ಉಪಕರಣವೇ ಆರುತ್ತದೆ. ಈಥರ್ನೆಟ್ ಕಿತ್ತರೆ ಚಿಪ್ ಬೇರೆ ಸ್ಥಿತಿಗೆ ಹೋಗುತ್ತದೆ, ಹೋಲಿಕೆ ಸುಳ್ಳಾಗುತ್ತದೆ. ಅಂಥ ಕಡೆ ಫೆರೈಟ್ ಬೇಕೇ ಬೇಕು.

ಇನ್ನು ಆ ದಿಬ್ಬ. ಡಿಸಿ-ಡಿಸಿ ಕನ್ವರ್ಟರ್‌ನ ಗದ್ದಲ ಪವರ್ ಕೇಬಲ್‌ನಲ್ಲಿ ಬರುತ್ತಿದೆ ಅಂತ ಅನುಮಾನ. ಡಿಸಿ ಕೇಬಲ್‌ಗೆ ಒಂದು ಕ್ಲಿಪ್ ಹಾಕಿದೆವು. 43 ಇದ್ದಿದ್ದು 41 ಆಯಿತು. ಇನ್ನೂ 1 ಡಿಬಿ ಮೇಲೆ. ಹುಡುಗ ಅದರ ಪಕ್ಕಕ್ಕೆ ಇನ್ನೊಂದು ಹಾಕಲು ಹೊರಟ. ನಾನು ಆ ಮೊದಲನೆಯದನ್ನೇ ತೆರೆದು, ಕೇಬಲನ್ನು ರಂಧ್ರದಲ್ಲಿ ಮೂರು ಸಲ ತೂರಿಸಿ ಮುಚ್ಚಲು ಹೇಳಿದೆ. 34ಕ್ಕೆ ಇಳಿಯಿತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಜನ ಕೇಬಲ್ ತುಂಬ ಫೆರೈಟ್ ಪೋಣಿಸಿದ್ದನ್ನು ನೋಡಿದ್ದೇನೆ. ಕೇಬಲ್‌ನ ಕಾಮನ್ ಮೋಡ್ ಇಂಪೀಡೆನ್ಸ್, ಅಂದರೆ ಆ ಕರೆಂಟಿಗೆ ಇರುವ ತಡೆ, ಸುಮಾರು 150 ಓಮ್ ಅಂತ ಇಟ್ಟುಕೊಳ್ಳಿ. ಅದಕ್ಕೆ 150 ಓಮ್‌ನ ಒಂದು ಫೆರೈಟ್ ಸೇರಿಸಿದರೆ ಕರೆಂಟ್ ಅರ್ಧ ಆಗುತ್ತದೆ, ಅಂದರೆ 6 ಡಿಬಿ. ಅಂಥದ್ದೇ ಇನ್ನೊಂದನ್ನು ಪಕ್ಕದಲ್ಲಿ ಹಾಕಿದರೆ ಕರೆಂಟ್ ಮೂರನೇ ಒಂದು ಭಾಗ, 9.5 ಡಿಬಿ. ಎರಡನೆಯದು ತಂದುಕೊಟ್ಟಿದ್ದು 3.5 ಮಾತ್ರ. ಮೂರನೆಯದು 2.5. ಆದರೆ ಅದೇ ಒಂದು ಕೋರ್‌ನಲ್ಲಿ ಕೇಬಲನ್ನು ಎರಡು ಸಲ ತೂರಿಸಿದರೆ ಇಂಪೀಡೆನ್ಸ್ ನಾಲ್ಕು ಪಟ್ಟು, ಮೂರು ಸಲ ತೂರಿಸಿದರೆ ಒಂಬತ್ತು ಪಟ್ಟು. ರಂಧ್ರದೊಳಗಿಂದ ಎಷ್ಟು ಸಲ ಹಾದುಹೋಗುತ್ತದೋ ಅಷ್ಟು ಸುತ್ತು ಅಂತ ಎಣಿಸಬೇಕು. ಸುಮ್ನೆ ನೇರ ಹೋದರೂ ಅದು ಒಂದು ಸುತ್ತು.

ಹಾಗಂತ ಹತ್ತು ಸುತ್ತು ಸುತ್ತಿ ಕೂರಬೇಡಿ. ಸುತ್ತು ಜಾಸ್ತಿಯಾದಂತೆ ಸುತ್ತುಗಳ ನಡುವಿನ ಕೆಪಾಸಿಟನ್ಸ್ ಕೂಡ ಜಾಸ್ತಿಯಾಗುತ್ತದೆ. ಮೇಲಿನ ಫ್ರೀಕ್ವೆನ್ಸಿಗಳು ಕೋರನ್ನು ತಪ್ಪಿಸಿಕೊಂಡು ಆ ಸಂದಿಯಲ್ಲೇ ದಾಟಿಬಿಡುತ್ತವೆ. ನಮಗೂ ಹಾಗೇ ಆಯಿತು. ಮೂರು ಸುತ್ತು ಹಾಕಿದ ಮೇಲೆ 40 ಮೆಗಾಹರ್ಟ್ಸ್ ಶಾಂತವಾಯಿತು, ಆದರೆ 175ರ ಪೀಕ್ 2 ಡಿಬಿ ಏರಿತು. ಅದಕ್ಕೆ ಪೆಟ್ಟಿಗೆಯ ಹತ್ತಿರವೇ ಒಂದು ಸುತ್ತಿನ ಇನ್ನೊಂದು ಕೋರ್, ಅದರ ಹಿಂದೆ ಮೂರು ಸುತ್ತಿನದು. ಎರಡೂ ಸೇರಿ ಎರಡೂ ಕಡೆ ನೋಡಿಕೊಂಡವು. ಕೆಳಗಿನ ಫ್ರೀಕ್ವೆನ್ಸಿಗೆ ಸುತ್ತು, ಮೇಲಿನದಕ್ಕೆ ನೇರ ಕೋರ್ ಅನ್ನುವುದು ಅಲ್ಲಿಂದ ನನ್ನ ಅಭ್ಯಾಸವಾಗಿದೆ.

ಜಾಗದ ವಿಷಯಕ್ಕೂ ಒಂದು ಪ್ರಯೋಗ ಮಾಡಿದೆ. ಅದೇ ಫೆರೈಟನ್ನು ಸೆನ್ಸರ್ ಕೇಬಲ್‌ನ ಆ ತುದಿಗೆ, ಅಂದರೆ ಸೆನ್ಸರ್ ಬಳಿ ಸರಿಸಿದೆ. 125ರಲ್ಲಿ ಇಳಿತ ಹೆಚ್ಚುಕಡಿಮೆ ಮಾಯ. ನಡುವೆ ಇಟ್ಟಾಗ 125 ಸ್ವಲ್ಪ ಇಳಿಯಿತು, ಬೇರೆ ಕಡೆ ಒಂದು ಹೊಸ ಪೀಕ್ ತಲೆ ಎತ್ತಿತು. ಕೇಬಲ್ ಉದ್ದಕ್ಕೂ ಕರೆಂಟ್ ಒಂದೇ ಸಮ ಇರುವುದಿಲ್ಲ, ಕೆಲವು ಕಡೆ ಜಾಸ್ತಿ, ಕೆಲವು ಕಡೆ ಬಹಳ ಕಡಿಮೆ. ಕರೆಂಟ್ ಜಾಸ್ತಿ ಇರುವ ಕಡೆ ಕೂತ ಫೆರೈಟ್ ಮಾತ್ರ ಕೆಲಸ ಮಾಡುತ್ತದೆ. ನಡುವೆ ಕೂತರೆ ಅದು ಕೇಬಲನ್ನು ಎರಡು ತುಂಡು ಮಾಡಿದ ಹಾಗೆ, ಆ ತುಂಡುಗಳು ತಮ್ಮದೇ ಉದ್ದಕ್ಕೆ ತಕ್ಕ ಫ್ರೀಕ್ವೆನ್ಸಿಯಲ್ಲಿ ಸೂಸಬಹುದು. ಹೆಚ್ಚಿನ ಸಲ ಸರಿಯಾದ ಜಾಗ ಅಂದರೆ ಪೆಟ್ಟಿಗೆಯಿಂದ ಕೇಬಲ್ ಹೊರಬೀಳುವ ಬಾಯಿಯೇ. ಅಲ್ಲಿಂದ ಹತ್ತು ಸೆಂಟಿಮೀಟರ್ ಜಾರಿದರೂ ವ್ಯತ್ಯಾಸ ಕಾಣುತ್ತದೆ. ಅದಕ್ಕೇ ಕೇಬಲ್ ಟೈ ಮತ್ತು ಟೇಪು. ಕೆಲವು ಕ್ಲಿಪ್‌ಗಳ ಹಲ್ಲು ತೆಳು ಕೇಬಲನ್ನು ಹಿಡಿಯುವುದಿಲ್ಲ. ಟೇಬಲ್ 80 ಸೆಂಟಿಮೀಟರ್ ಎತ್ತರ ಇರುತ್ತದೆ, ಟರ್ನ್‌ಟೇಬಲ್ ತಿರುಗುತ್ತದೆ, ಕೇಬಲ್ ಅಂಚಿನಿಂದ ಇಳಿಬಿದ್ದಿರುತ್ತದೆ. ಕ್ಲಿಪ್ ಮೆಲ್ಲಗೆ ಕೆಳಗೆ ಜಾರುತ್ತದೆ. ಆಂಟೆನಾ 1ರಿಂದ 4 ಮೀಟರ್ ಏರಿ ಇಳಿದು ಮುಗಿಯುವಷ್ಟರಲ್ಲಿ ನೀವು ಅಳೆಯುತ್ತಿರುವುದು ಬೇರೆಯದೇ ಜೋಡಣೆ. ಮಾರ್ಕರ್‌ನಿಂದ ಕೇಬಲ್ ಮೇಲೆ ಗೆರೆ ಹಾಕಿಡಿ.

ಈಗ ಕೋರ್‌ಗಳ ಗುಣದ ಬಗ್ಗೆ. ನೋಡಲು ಎಲ್ಲ ಒಂದೇ ಥರ ಕಪ್ಪು, ಒಂದೇ ಥರ ಭಾರ. ಒಳಗಿನ ಮಿಶ್ರಣ ಬೇರೆ ಬೇರೆ. ನನ್ನ ಡಬ್ಬಿಯಲ್ಲಿ ಹೆಚ್ಚಿನವು ಫೇರ್-ರೈಟ್ ಕಂಪನಿಯವು, ಯಾಕೆಂದರೆ ಅವರು ಮಿಶ್ರಣಕ್ಕೆ ನಂಬರ್ ಕೊಟ್ಟು ಯಾವ ಫ್ರೀಕ್ವೆನ್ಸಿಗೆ ಯಾವುದು ಅಂತ ಸ್ಪಷ್ಟವಾಗಿ ಹೇಳುತ್ತಾರೆ. 31 ಅನ್ನುವುದು ಮ್ಯಾಂಗನೀಸ್-ಸತುವಿನದು, ಆರಂಭಿಕ ಪರ್ಮಿಯಬಿಲಿಟಿ (ಕಾಂತಕ್ಷೇತ್ರವನ್ನು ಎಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವ ಅಳತೆ) 1500, ಸುಮಾರು 1ರಿಂದ 300 ಮೆಗಾಹರ್ಟ್ಸ್‌ಗೆ. 43 ನಿಕಲ್-ಸತುವಿನದು, 800, ಸುಮಾರು 25ರಿಂದ 300ಕ್ಕೆ. 61 ಕೂಡ ನಿಕಲ್-ಸತುವಿನದೇ, ಬರೀ 125, ಆದರೆ 200ರಿಂದ ಮೇಲಕ್ಕೆ ಅದೇ ಗಟ್ಟಿ. ಪರ್ಮಿಯಬಿಲಿಟಿ ಜಾಸ್ತಿ ಇದ್ದಷ್ಟೂ ಬೇಗ ಉಸಿರು ಕಟ್ಟುತ್ತದೆ, ಕಡಿಮೆ ಇದ್ದದ್ದು ದೂರ ಓಡುತ್ತದೆ. ಫಿಲಿಪ್ಸ್‌ನಲ್ಲಿದ್ದ ಸ್ನೂಕ್ ಅನ್ನುವ ವಿಜ್ಞಾನಿ 1940ರ ದಶಕದಲ್ಲೇ ಈ ಮಿತಿಯನ್ನು ಗುರುತಿಸಿದ್ದರು. ಎಲ್ಲಕ್ಕೂ ಆಗುವ ಒಂದೇ ಫೆರೈಟ್ ಕೊಡಿ ಅಂತ ಕೇಳುವವರಿಗೆ ಉತ್ತರ ಅದು. ಆದರೂ ಒಂದೇ ಒಂದು ತಗೊಂಡು ಹೋಗು ಅಂದರೆ ನಾನು 31 ತೆಗೆದುಕೊಳ್ಳುತ್ತೇನೆ. ಮೇಲೆ ಹೇಳಿದ ದಿಬ್ಬವನ್ನು ಇಳಿಸಿದ್ದು ಅದೇ. ಅದೇ ಅಳತೆಯ 43ನ್ನು ಅದೇ ಜಾಗದಲ್ಲಿ ಮೂರು ಸುತ್ತು ಹಾಕಿ ನೋಡಿದೆ, 40 ಮೆಗಾಹರ್ಟ್ಸ್ ಬಳಿ 2 ಡಿಬಿ ಹಿಂದೆ ಬಿತ್ತು. 125ರಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ಇದಕ್ಕೂ ಮುಂಚೆ ಒಂದು ಚೀಲದ ತುಂಬ ಹೆಸರಿಲ್ಲದ ಕ್ಲಿಪ್‌ಗಳನ್ನು ತರಿಸಿದ್ದೆ. ಮಿಶ್ರಣ ಯಾವುದು ಅಂತ ಎಲ್ಲೂ ಬರೆದಿರಲಿಲ್ಲ. ಒಂದು ಸಂಜೆ ಕೂತು ಪುಟ್ಟ ನೆಟ್‌ವರ್ಕ್ ಅನಲೈಸರ್‌ನಿಂದ ಒಂದೊಂದನ್ನೂ ಅಳೆದೆ. ತುಂಡು ವೈರನ್ನು ಕೋರ್ ಒಳಗೆ ತೂರಿಸಿ, ಎರಡು ತುದಿಯನ್ನೂ ಕನೆಕ್ಟರ್‌ಗೆ ಬೆಸೆದು ಇಂಪೀಡೆನ್ಸ್ ನೋಡುವುದು, ಅಷ್ಟೇ. 100 ಮೆಗಾಹರ್ಟ್ಸ್‌ನಲ್ಲಿ ಕೆಲವು 190 ಓಮ್ ತೋರಿಸಿದವು, ಕೆಲವು 60. ಒಂದೇ ಚೀಲ, ಒಂದೇ ಗಾತ್ರ. ಟೆಸ್ಟ್‌ನಲ್ಲಿ ಆ 60ರದ್ದು ಕೈಗೆ ಸಿಕ್ಕಿದ್ದರೆ "ಈ ಕೇಬಲ್ ನಿರಪರಾಧಿ" ಅಂತ ತೀರ್ಪು ಕೊಟ್ಟು ತಪ್ಪು ದಾರಿ ಹಿಡಿಯುತ್ತಿದ್ದೆ. ಚೇಂಬರ್‌ನಲ್ಲಿ ಪ್ರತಿ ಗಂಟೆಯೂ ದುಬಾರಿ. ಅಳೆಯದ ಫೆರೈಟನ್ನು ನಾನು ಈಗ ಕೇಬಲ್ ಹತ್ತಿರ ತರುವುದಿಲ್ಲ. ಅಳೆದದ್ದರ ಮೇಲೆ ಬಿಳಿ ಟೇಪು ಹಚ್ಚಿ 25, 100, 300 ಮೆಗಾಹರ್ಟ್ಸ್‌ನ ಓಮ್ ಬರೆದಿಟ್ಟಿದ್ದೇನೆ.

ಅಳೆಯುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಕ್ಲಿಪ್‌ಗಳಲ್ಲಿ ಎರಡು ಹೋಳು ಸರಿಯಾಗಿ ಕೂಡುತ್ತಿರಲಿಲ್ಲ. ಬೆರಳಿನಿಂದ ಒತ್ತಿದರೆ ಓಮ್ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಒಳ್ಳೆಯ ಒಂದು 31 ಕೋರ್ ತೆಗೆದುಕೊಂಡು ಹೋಳುಗಳ ನಡುವೆ ಬರೆಯುವ ಕಾಗದದ ಚೂರು ಇಟ್ಟು ನೋಡಿದೆ. 10 ಮೆಗಾಹರ್ಟ್ಸ್ ಬಳಿ ಇಂಪೀಡೆನ್ಸ್ ಅರ್ಧಕ್ಕಿಂತ ಎಷ್ಟೋ ಕೆಳಗೆ ಬಿತ್ತು. 100ರಲ್ಲಿ ಅಷ್ಟು ಪೆಟ್ಟು ಬೀಳಲಿಲ್ಲ, ಆದರೂ ಬಿತ್ತು. ಒಂದು ಕಾಗದದ ದಪ್ಪ! ಕೇಬಲ್‌ನ ಚರ್ಮ ಹೋಳುಗಳ ಮಧ್ಯೆ ಸಿಕ್ಕಿದರೆ, ಧೂಳು ಕೂತರೆ, ಕೆಳಗೆ ಬಿದ್ದು ಅಂಚು ಒಡೆದರೆ ಇದೇ ಗತಿ. ಫೆರೈಟ್ ಅಂದರೆ ಪಿಂಗಾಣಿಯ ಜಾತಿ, ಬಿದ್ದರೆ ಒಡೆಯುತ್ತದೆ. ಮುಚ್ಚುವ ಮುಂಚೆ ಹೋಳುಗಳ ಮುಖವನ್ನು ಬಟ್ಟೆಯಿಂದ ಒರೆಸುವುದು ನನಗೆ ಕೈಗೆ ಬಂದುಬಿಟ್ಟಿದೆ.

ರಂಧ್ರದ ಅಳತೆಯೂ ಮುಖ್ಯ. ತೆಳು ಕೇಬಲ್‌ಗೆ ದೊಡ್ಡ ರಂಧ್ರದ ಕೋರ್ ಹಾಕಿದರೆ ಒಳಗಿನ ಖಾಲಿ ಜಾಗದಲ್ಲಿ ಇರಬೇಕಾಗಿದ್ದ ಫೆರೈಟ್ ಇಲ್ಲವಾಗುತ್ತದೆ. ಕೇಬಲ್‌ಗೆ ಬಿಗಿಯಾಗಿ ಕೂರುವ, ಗೋಡೆ ದಪ್ಪ ಇರುವ, ಉದ್ದನೆಯ ಕೋರ್ ಆರಿಸಿ. ಸುತ್ತು ಹಾಕಬೇಕಿದ್ದರೆ ಮಾತ್ರ ದೊಡ್ಡ ರಂಧ್ರದ್ದು. ವೂರ್ತ್ ಕಂಪನಿಯ ಸ್ಟಾರ್-ಟೆಕ್ ಮಾದರಿಯ ನಾಲ್ಕು ಕೂಡ ಇಟ್ಟಿದ್ದೇನೆ. ಅವನ್ನು ತೆರೆಯಲು ಪುಟ್ಟ ಬೀಗದ ಕೈ ಬೇಕು. ಗ್ರಾಹಕರ ಕೈಗೆ ಹೋಗುವ ಉಪಕರಣಕ್ಕೆ ಇದು ಬಹಳ ಒಳ್ಳೆಯದು, ಯಾರೂ ಕುತೂಹಲಕ್ಕೆ ಬಿಚ್ಚಲಾರರು. ಚೇಂಬರ್‌ನಲ್ಲಿ ಹತ್ತು ಸಲ ಹಾಕಿ ತೆಗೆಯುವಾಗ ಆ ಕೀ ಹುಡುಕುವುದು ಬೇಸರ. ಹುಡುಕಾಟಕ್ಕೆ ಕೈಯಲ್ಲೇ ತೆರೆಯುವ ಕ್ಲಿಪ್, ಉಳಿಯುವುದಕ್ಕೆ ಕೀ ಇರುವ ಕ್ಲಿಪ್.

ನಾವು ನಿಂತಿದ್ದ ಚೇಂಬರ್‌ನ ಗೋಡೆಯೂ ಫೆರೈಟೇ. ತೆಳು ಹೆಂಚಿನಂಥ ಚದರ ಬಿಲ್ಲೆಗಳು ಸಾಲು ಸಾಲಾಗಿ ಗೋಡೆ ಮತ್ತು ಮಾಡಿನ ತುಂಬ, ಅಲೆ ವಾಪಸ್ ಪುಟಿಯದಂತೆ ಹೀರಿಕೊಳ್ಳಲು. ಹುಡುಗನಿಗೆ ತೋರಿಸಿದೆ. 1930ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಯೊಗೊರೊ ಕಾಟೊ ಮತ್ತು ತಕೇಶಿ ತಕೇಯಿ ಫೆರೈಟ್ ಕಂಡುಹಿಡಿದರು, ಅದನ್ನು ತಯಾರಿಸಲೆಂದೇ 1935ರಲ್ಲಿ ಶುರುವಾದ ಕಂಪನಿ ಇವತ್ತಿನ ಟಿಡಿಕೆ. ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಬೇಯಿಸಿ ಮಾಡಿದ ಕಪ್ಪು ಕಲ್ಲು, ಗದ್ದಲವನ್ನು ತನ್ನೊಳಗೆ ಬಿಸಿಯಾಗಿ ಕರಗಿಸಿಕೊಳ್ಳುತ್ತದೆ. ಇಷ್ಟು ವರ್ಷ ಕೆಲಸ ಮಾಡಿದರೂ ನನಗೆ ಅದು ಸೋಜಿಗವೇ.

ಫೆರೈಟ್ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳಬೇಕು. ಕಂಡಕ್ಟೆಡ್ ಟೆಸ್ಟ್, ಅಂದರೆ ವೈರಿನ ಮೂಲಕವೇ ಹೊರಗೆ ಹೋಗುವ ಗದ್ದಲದ ಪರೀಕ್ಷೆ, 150 ಕಿಲೊಹರ್ಟ್ಸ್‌ನಿಂದ ಶುರುವಾಗುತ್ತದೆ. ಅಲ್ಲಿ ಒಂದು ಕ್ಲಿಪ್‌ನ ಇಂಪೀಡೆನ್ಸ್ ಒಂದೆರಡು ಓಮ್. ಮೇನ್ಸ್ ಕೇಬಲ್‌ಗೆ ಕ್ಲಿಪ್ ಹಾಕಿ ಅದನ್ನು ಪಾಸ್ ಮಾಡುವ ಆಸೆ ಬಿಡಿ, ಅಲ್ಲಿಗೆ ಮಿಲಿಹೆನ್ರಿ ಲೆಕ್ಕದ ಚೋಕ್ (ಕೋರ್ ಮೇಲೆ ಸುತ್ತಿದ ತಂತಿ ಸುರುಳಿ) ಬೇಕು. ಹಾಗೇ ಎಲ್ಲ ಕೇಬಲ್‌ಗೂ ಹಾಕಿದ ಮೇಲೂ ಪೀಕ್ ಅಲುಗಾಡದೆ ನಿಂತಿದ್ದರೆ ಅದು ಪೆಟ್ಟಿಗೆಯ ಸಂದಿಯಿಂದಲೋ ಬೋರ್ಡಿನಿಂದಲೋ ನೇರ ಬರುತ್ತಿದೆ ಅಂತ ಅರ್ಥ. ಇನ್ನಷ್ಟು ಫೆರೈಟ್ ಹಾಕುವುದರಲ್ಲಿ ಅರ್ಥವಿಲ್ಲ. ಈ ಉತ್ತರವೂ ಉಪಯೋಗಕ್ಕೆ ಬರುತ್ತದೆ.

ಸಂಜೆ ಹೊತ್ತಿಗೆ ಮೂರು ಕೇಬಲ್‌ನಲ್ಲೂ ಕ್ಲಿಪ್ ಇತ್ತು, ಎಲ್ಲ ಪೀಕ್ ಲಿಮಿಟ್ ಕೆಳಗಿತ್ತು. ಲ್ಯಾಬ್‌ನ ಎಂಜಿನಿಯರ್ ಬಂದು ನೋಡಿದರು.

"ಮೇಡಂ, ಹೀಗೇ ಪಾಸ್ ಕೊಡಬಹುದು. ಆದ್ರೆ ನಾಲ್ಕೂ ಕೋರ್ ರಿಪೋರ್ಟ್‌ನಲ್ಲಿ ಬರುತ್ತೆ, ಫೋಟೋದಲ್ಲೂ ಕಾಣುತ್ತೆ. ನೀವು ಮಾರೋವಾಗ ಇವೆಲ್ಲ ಜೊತೆಗೇ ಹೋಗಬೇಕು."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಉಪಕರಣದ ಪರೀಕ್ಷೆಗೆ ಜೊತೆಯಾಗಿ ನಿಂತ ಲ್ಯಾಪ್‌ಟಾಪ್‌ನ ಗದ್ದಲ ಒಳಗೆ ಬರದಂತೆ, ಚೇಂಬರ್‌ನಿಂದ ಹೊರಗೆ ಹೋಗುವ ಕೇಬಲ್‌ಗೆ ಲ್ಯಾಬ್ ತನ್ನ ಫೆರೈಟ್ ಕ್ಲ್ಯಾಂಪ್ ಹಾಕುವುದು ಬೇರೆ. ಅದು ಅಳತೆಯ ವ್ಯವಸ್ಥೆ. ನಮ್ಮ ಪೆಟ್ಟಿಗೆಯ ಕೇಬಲ್‌ಗೆ ನಾವು ಹಾಕಿದ್ದು ಉಪಕರಣದ ಭಾಗ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ 15.27 ಕೂಡ ಇದನ್ನೇ ಹೇಳುತ್ತದೆ: ಪಾಸ್ ಆಗಲು ವಿಶೇಷ ಕೇಬಲೋ ಪರಿಕರವೋ ಬೇಕಿದ್ದರೆ ಅದು ಉಪಕರಣದ ಜೊತೆಗೇ ಮಾರಾಟಕ್ಕೆ ಹೋಗಬೇಕು. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಟೆಸ್ಟ್ ಮುಗಿದ ಕೂಡಲೇ ಕೇಬಲ್‌ನಿಂದ ಕ್ಲಿಪ್ ಬಿಚ್ಚಿ ಡ್ರಾಯರ್‌ಗೆ ಹಾಕುತ್ತಿದ್ದರು, ಮುಂದಿನ ಟೆಸ್ಟ್‌ಗೆ ಬೇಕು ಅಂತ. ಉಪಕರಣ ಕ್ಲಿಪ್ ಇಲ್ಲದೇ ಹೋಗುತ್ತಿತ್ತು. ಆಗ ನಾನು ಚಿಕ್ಕವಳು, ಸುಮ್ಮನಿದ್ದೆ. ಆ ಮೌನ ನನಗೆ ಇವತ್ತಿಗೂ ನೋವು. ಪಕ್ಕದ ಮನೆಯ ರೇಡಿಯೊ ಗೊರಗುಟ್ಟಿದಾಗ ಅದಕ್ಕೆ ಕಾರಣ ನಮ್ಮ ಉಪಕರಣ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಪಾಸ್ ತೆಗೆದುಕೊಳ್ಳದೆ ಡಬ್ಬಿ ಕಟ್ಟಿಕೊಂಡು ವಾಪಸ್ ಬಂದೆವು. ಫೆರೈಟ್ ತೋರಿಸಿದ ದಾರಿಯನ್ನೇ ಹಿಡಿದು ಸೆನ್ಸರ್ ಕೇಬಲ್ ಬಿಚ್ಚಿ ನೋಡಿದೆವು. ಶೀಲ್ಡನ್ನು, ಅಂದರೆ ಒಳಗಿನ ವೈರುಗಳ ಸುತ್ತ ಇರುವ ಲೋಹದ ಹೊದಿಕೆಯನ್ನು, 4 ಸೆಂಟಿಮೀಟರ್ ಉದ್ದದ ಬಾಲದಂಥ ವೈರ್ ಮಾಡಿ ಬೋರ್ಡಿಗೆ ಬೆಸೆದಿದ್ದರು. ಸೆಂಟಿಮೀಟರ್‌ಗೆ ಸುಮಾರು 10 ನ್ಯಾನೊಹೆನ್ರಿ ಅಂತ ಹಿಡಿದರೆ ಆ ಬಾಲ 125 ಮೆಗಾಹರ್ಟ್ಸ್‌ನಲ್ಲಿ 31 ಓಮ್. ಬೋರ್ಡಿನ ಗದ್ದಲ ಆ ಬಾಲದ ಮೇಲೆ ಕೂತು ಶೀಲ್ಡಿನ ಹೊರಮೈಗೆ ಹರಿಯುತ್ತಿತ್ತು. ಬಾಲ ಕತ್ತರಿಸಿ, ಶೀಲ್ಡನ್ನು ಸುತ್ತಲೂ ಲೋಹದ ಕವಚಕ್ಕೆ ಕಚ್ಚಿಸುವ ಕ್ಲ್ಯಾಂಪ್ ಹಾಕಿದೆವು.

ಮತ್ತೆ ಚೇಂಬರ್‌ಗೆ ಹೋದಾಗ ಸೆನ್ಸರ್ ಕೇಬಲ್‌ಗೆ ಫೆರೈಟ್ ಇಲ್ಲದೆಯೇ 125ರ ಪೀಕ್ 35ಕ್ಕೆ ಬಂದಿತ್ತು. ಈಥರ್ನೆಟ್‌ಗೂ ಬೇಕಾಗಲಿಲ್ಲ. ಡಿಸಿ ಕೇಬಲ್‌ನ ದಿಬ್ಬಕ್ಕೆ ಬೋರ್ಡ್ ಮೇಲೆ ಒಂದು ಕಾಮನ್ ಮೋಡ್ ಚೋಕ್ ಸೇರಿಸಿದರೂ ಒಂದೂವರೆ ಡಿಬಿ ಅಂತರ ಮಾತ್ರ ಉಳಿಯುತ್ತಿತ್ತು, ಅಷ್ಟು ಕಡಿಮೆ ಅಂತರ ನನಗೆ ಸಾಲದು. ಅಲ್ಲೊಂದು 31 ಕೋರ್ ಉಳಿಸಿಕೊಂಡೆವು, ಒಂದೇ ಸುತ್ತು, ಪೆಟ್ಟಿಗೆಯ ಬಾಯಿಯಿಂದ 3 ಸೆಂಟಿಮೀಟರ್ ದೂರದಲ್ಲಿ, ಕೇಬಲ್ ಜೊತೆಗೇ ಮೋಲ್ಡ್ ಮಾಡಿಸಿ. ಕೇಬಲ್‌ನ ಪಾರ್ಟ್ ನಂಬರ್‌ನಲ್ಲೇ ಅದು ಸೇರಿದೆ, ಕೈಪಿಡಿಯಲ್ಲೂ ಬರೆದಿದ್ದೇವೆ.

ಡಬ್ಬಿಯಲ್ಲಿ ಹದಿನೆಂಟೂ ಹಾಗೇ ಇವೆ. ಒಂದರ ಅಂಚು ಮಾತ್ರ ಆ ದಿನ ಟೇಬಲ್‌ನಿಂದ ಬಿದ್ದು ಒಡೆದಿತ್ತು. ಮತ್ತೆ ಅಳೆದೆ. 100 ಮೆಗಾಹರ್ಟ್ಸ್‌ನಲ್ಲಿ 210 ಇದ್ದದ್ದು 140. ಟೇಪಿನ ಮೇಲಿನ ಹಳೆ ಸಂಖ್ಯೆ ಹೊಡೆದು ಹೊಸದು ಬರೆದಿದ್ದೇನೆ.